ಬಿ. ಎಲ್. ರೈಸ್

ಬೆಂಜಮಿನ್ ಲೂಯಿಸ್ ರೈಸ್ (17 ಜುಲೈ 1837 – 10 ಜುಲೈ 1927) ಅವರು ಮೈಸೂರು ಸಂಸ್ಥಾನದ ಶಿಕ್ಷಣಾಧಿಕಾರಿ, ಇತಿಹಾಸಕಾರ ಹಾಗೂ ಶಾಸನತಜ್ಞರು. ಬಿ. ಎಲ್. ರೈಸ್ ಎಂಬ ಹೆಸರಿನಿಂದ ಇವರು ಪ್ರಸಿದ್ಧರು. ಸಂಸ್ಥಾನದ ಉದ್ದಗಲಕ್ಕೂ ಸಂಚರಿಸಿ ಸುಮಾರು 9,000 ಶಾಸನಗಳನ್ನು ಸಂಗ್ರಹಿಸಿ, ಅವುಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಹನ್ನೆರಡು ಸಂಪುಟಗಳ ಮಾಲೆಯಲ್ಲಿ ಪ್ರಕಟಿಸಿದರು. ಕರ್ನಾಟಕದಲ್ಲಿ ಇವರನ್ನು ಶಾಸನಗಳ ಪಿತಾಮಹರೆಂದು ಗೌರವಿಸಲಾಗುತ್ತದೆ. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಶಾಸನಗಳನ್ನು ಇವರು ಪ್ರಕಟಿಸಿದ ಬಗೆ ಹಾಗೂ ಅವುಗಳ ಸುತ್ತ ನಡೆದ ವಿದ್ವತ್ ಚರ್ಚೆಗಳು, ಸಂಶೋಧನೆಯನ್ನು ಪ್ರಕಟಿಸುವವರ ಹೊಣೆಗಾರಿಕೆಯೆಂಬ ವಿಷಯವನ್ನು ಅರಿಯಲು ಉತ್ತಮ ನಿದರ್ಶನಗಳಾಗಿವೆ.

ಜನನ ಮತ್ತು ಆರಂಭಿಕ ಜೀವನ

ರೈಸ್ ಅವರು ಬೆಂಗಳೂರಿನಲ್ಲಿ ಜನಿಸಿದರು. ತಂದೆ ಬೆಂಜಮಿನ್ ಹೋಲ್ಟ್ ರೈಸ್ ಅವರು ಲಂಡನ್ ಮಿಷನರಿ ಸೊಸೈಟಿಯ ಪಾದ್ರಿಗಳಾಗಿದ್ದರು. ಕನ್ನಡ ಸಾಹಿತ್ಯದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸ್ ಇವರ ತಮ್ಮ. ಇಂಗ್ಲೆಂಡಿನಲ್ಲಿ ಶಿಕ್ಷಣ ಮುಗಿಸಿದ ಬಳಿಕ ಬೆಂಗಳೂರಿಗೆ ಹಿಂದಿರುಗಿದ ರೈಸ್, 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಈ ಶಾಲೆಯೇ ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆಯಿತು.

1865ರಲ್ಲಿ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರ್ ಆಗಿ ನೇಮಕಗೊಂಡು, ಅನಂತರ ಸಾರ್ವಜನಿಕ ಶಿಕ್ಷಣ ಇಲಾಖೆಯ ನಿರ್ದೇಶಕರಾದರು. ಹೋಬಳಿಗೊಂದು ಶಾಲೆ ಇರಬೇಕೆಂಬ ಯೋಜನೆಯನ್ನು ಜಾರಿಗೆ ತರುವುದರಲ್ಲಿ ಇವರ ಪಾತ್ರ ಹಿರಿದು. ಶಾಲೆಗಳ ತಪಾಸಣೆಗಾಗಿ ಹಳ್ಳಿಹಳ್ಳಿಗೆ ಹೋಗುತ್ತಿದ್ದ ಇವರಿಗೆ ದೇವಾಲಯದ ಅಂಗಳ, ಕೆರೆಯ ಏರಿ ಮತ್ತು ಹೊಲದ ಬದುಗಳಲ್ಲಿ ನಿಂತಿದ್ದ ಕಲ್ಬರಹಗಳ ಪರಿಚಯವಾಯಿತು.

ಶಾಸನ ಸಂಶೋಧನೆಯ ಆರಂಭ

ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ 1865ರಲ್ಲಿ ಮೈಸೂರು ಸರ್ಕಾರಕ್ಕಾಗಿ ಸುಮಾರು 150 ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಶಾಸನಗಳೂ ಅವುಗಳಲ್ಲಿದ್ದವು. ಈ ಚಿತ್ರಗಳನ್ನು ಓದಿ ಅನುವಾದಿಸುವ ಕೆಲಸ ರೈಸ್ ಅವರ ಪಾಲಿಗೆ ಬಂದಿತು. ಇದರ ಫಲವಾಗಿ 1879ರಲ್ಲಿ ಮೈಸೂರ್ ಇನ್‌ಸ್ಕ್ರಿಪ್ಷನ್ಸ್ ಎಂಬ ಗ್ರಂಥ ಹೊರಬಂದಿತು. ಇದಕ್ಕೆ ಮೊದಲೇ ಮೈಸೂರು ಮತ್ತು ಕೊಡಗಿನ ಗ್ಯಾಸೆಟಿಯರನ್ನು ಅವರು ರಚಿಸಿದ್ದರು.

ಡಿಕ್ಸನ್ ಅವರ ಚಿತ್ರಗಳನ್ನು ಮುಂಬಯಿ ಪ್ರಾಂತ್ಯದ ಅಧಿಕಾರಿ ಹಾಗೂ ಶಾಸನತಜ್ಞ ಜೆ. ಎಫ್. ಫ್ಲೀಟ್ ಅವರೂ ಬಳಸಿ, ಇಂಡಿಯನ್ ಆಂಟಿಕ್ವರಿ ಎಂಬ ವಿದ್ವತ್ ಪತ್ರಿಕೆಯಲ್ಲಿ ಪಾಠಗಳನ್ನು ಪ್ರಕಟಿಸಿದರು. 1872ರಲ್ಲಿ ಜೇಮ್ಸ್ ಬರ್ಜೆಸ್ ಆರಂಭಿಸಿದ ಈ ಪತ್ರಿಕೆ ಶಾಸನ ವಿದ್ವಾಂಸರ ಮುಖ್ಯ ವೇದಿಕೆಯಾಗಿತ್ತು. ಒಂದೇ ಆಧಾರವನ್ನು ಇಬ್ಬರು ವಿದ್ವಾಂಸರು ಬೇರೆ ಬೇರೆಯಾಗಿ ಓದಿ, ಇಬ್ಬರ ಪಾಠಗಳೂ ಅಚ್ಚಾದುದರಿಂದ ಓದುಗರಿಗೆ ಹೋಲಿಸಿ ನೋಡುವ ಅವಕಾಶ ದೊರೆಯಿತು.

ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯು 1885ರಲ್ಲಿ ಸ್ಥಾಪನೆಯಾದಾಗ ರೈಸ್ ಅದರ ಮೊದಲ ನಿರ್ದೇಶಕರಾದರು. 1906ರಲ್ಲಿ ನಿವೃತ್ತರಾಗುವವರೆಗೆ ಈ ಹುದ್ದೆಯಲ್ಲಿದ್ದರು. 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಹಾಗೂ ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಿಲಾಶಾಸನಗಳನ್ನು ಬೆಳಕಿಗೆ ತಂದುದು ಇವರ ದೊಡ್ಡ ಸಾಧನೆಗಳಲ್ಲಿ ಒಂದು.

ಎಪಿಗ್ರಾಫಿಯಾ ಕರ್ನಾಟಿಕಾ ಮತ್ತು ಪ್ರಕಟಣೆಯ ವಿಧಾನ

ಈ ಮಾಲೆಯ ಮೊದಲ ಸಂಪುಟ ಕೊಡಗಿನ ಶಾಸನಗಳನ್ನು ಕುರಿತದ್ದು, 1886ರಲ್ಲಿ ಪ್ರಕಟವಾಯಿತು. ಉಳಿದವು ಮುಂದಿನ ಎರಡು ದಶಕಗಳಲ್ಲಿ ಹೊರಬಂದವು. ಶಾಸನಗಳನ್ನು ತಾಲ್ಲೂಕುವಾರು ವಿಂಗಡಿಸಿ ಪ್ರತಿಯೊಂದಕ್ಕೂ ಕ್ರಮಸಂಖ್ಯೆ ನೀಡಲಾಯಿತು. ತಾಳಗುಂದದ ಸ್ತಂಭಶಾಸನವನ್ನು ಶಿಕಾರಿಪುರ 176 ಎಂದು ವಿದ್ವಾಂಸರು ಇಂದಿಗೂ ಗುರುತಿಸುವುದು ಈ ಪದ್ಧತಿಯಿಂದಲೇ.

ಸಂಪುಟಗಳಲ್ಲಿ ಪೀಠಿಕೆ, ಕನ್ನಡ ಲಿಪಿಯಲ್ಲಿ ಮೂಲಪಾಠ, ರೋಮನ್ ಲಿಪ್ಯಂತರ ಹಾಗೂ ಇಂಗ್ಲಿಷ್ ಅನುವಾದಗಳಿವೆ. ಆಯ್ದ ಶಾಸನಗಳ ಪ್ರತಿಚಿತ್ರಗಳನ್ನೂ ಸೇರಿಸಲಾಗಿದೆ. ಈ ಏರ್ಪಾಡಿನ ಮಹತ್ವವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅನುವಾದವನ್ನಷ್ಟೇ ಅಚ್ಚು ಮಾಡಿದ್ದರೆ ಓದುಗನು ಸಂಪಾದಕನ ಮಾತನ್ನು ನಂಬಬೇಕಾಗುತ್ತಿತ್ತು. ಮೂಲಪಾಠವೂ ಜೊತೆಗಿರುವುದರಿಂದ ಅನುವಾದ ಸರಿಯೇ ಎಂದು ಪರೀಕ್ಷಿಸಬಹುದು. ಪ್ರತಿಚಿತ್ರವಿದ್ದಲ್ಲಿ ಪಾಠ ಸರಿಯೇ ಎಂದೂ ಪರೀಕ್ಷಿಸಬಹುದು. ತೀರ್ಮಾನದೊಡನೆ ಅದರ ಆಧಾರವನ್ನೂ ಓದುಗರ ಮುಂದಿಡಬೇಕೆಂಬುದು ಇಂದಿನ ಸಂಶೋಧನ ಪತ್ರಿಕೆಗಳ ಮುಖ್ಯ ನಿಯಮಗಳಲ್ಲಿ ಒಂದಾಗಿದೆ.

ಶಿಕಾರಿಪುರ ಮತ್ತು ಸೊರಬದ ಶಾಸನಗಳು

ಶಿವಮೊಗ್ಗ ಜಿಲ್ಲೆಯ ಶಾಸನಗಳು ಎರಡು ಸಂಪುಟಗಳಲ್ಲಿವೆ. 1902ರಲ್ಲಿ ಪ್ರಕಟವಾದ ಏಳನೆಯ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳೂ, 1904ರ ಎಂಟನೆಯ ಸಂಪುಟದಲ್ಲಿ ಸೊರಬ, ಸಾಗರ, ನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳೂ ಸೇರಿವೆ.

ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯ ಪ್ರಾಕೃತ ಸ್ತಂಭಶಾಸನ, ತಾಳಗುಂದದ ಕದಂಬ ಶಾಸನ, ಬಂದಳಿಕೆಯಲ್ಲಿ ದೊರೆತ ಜಕ್ಕಿಯಬ್ಬೆಯ ಶಾಸನ ಹಾಗೂ ಬಳ್ಳಿಗಾವೆಯ ಕೋಡಿಯ ಮಠದ ಶಾಸನಗಳು ಇವುಗಳಲ್ಲಿ ಪ್ರಮುಖವಾದವು. ನಾಗರಖಂಡ ಎಪ್ಪತ್ತರ ಆಡಳಿತವನ್ನು ನಿರ್ವಹಿಸಿ, ಕೊನೆಗೆ ಸಲ್ಲೇಖನ ವ್ರತದಿಂದ ಪ್ರಾಣ ಬಿಟ್ಟ ಜಕ್ಕಿಯಬ್ಬೆ ಎಂಬ ಮಹಿಳೆಯ ಚರಿತ್ರೆ ತಿಳಿದುಬರುವುದು ಈ ಶಾಸನದಿಂದ. 1162ರ ಕೋಡಿಯ ಮಠದ ಶಾಸನವು ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದುದನ್ನೂ, ದೀನರಿಗೆ ಅನ್ನ ಹಾಗೂ ರೋಗಿಗಳಿಗೆ ಚಿಕಿತ್ಸೆ ದೊರೆಯುತ್ತಿದ್ದುದನ್ನೂ ವಿವರಿಸುತ್ತದೆ. ಸೊರಬ ತಾಲ್ಲೂಕಿನಲ್ಲಿ ಕುಪ್ಪಟೂರು, ಉದ್ರಿ, ಹಿರೇ ಆವಲಿ ಮೊದಲಾದ ಊರುಗಳ ಶಾಸನಗಳು ಜೈನ ಹಾಗೂ ಶೈವ ಪರಂಪರೆಗಳ ಇತಿಹಾಸಕ್ಕೆ ಆಕರಗಳಾಗಿವೆ.

ತಾಳಗುಂದ ಶಾಸನ: ಆಧಾರವನ್ನು ಹಂಚಿಕೊಂಡದ್ದು

ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿರುವ ಸ್ತಂಭಶಾಸನವನ್ನು ರೈಸ್ 1894ರಲ್ಲಿ ಗುರುತಿಸಿದರು. ಐದನೆಯ ಶತಮಾನದ ಈ ಸಂಸ್ಕೃತ ಕಾವ್ಯಶಾಸನವು ಕದಂಬ ಶಾಂತಿವರ್ಮನ ಕಾಲದ್ದು. ಮಯೂರಶರ್ಮನು ಗುರು ವೀರಶರ್ಮನೊಡನೆ ಕಾಂಚಿಯ ಘಟಿಕೆಗೆ ವಿದ್ಯಾಭ್ಯಾಸಕ್ಕಾಗಿ ಹೋದುದು, ಅಲ್ಲಿ ಪಲ್ಲವರೊಡನೆ ಕಲಹವಾಗಿ ಅವನು ಖಡ್ಗ ಹಿಡಿದುದು, ಕದಂಬ ರಾಜ್ಯ ಸ್ಥಾಪನೆಯಾದುದು ಇದರಲ್ಲಿ ವರ್ಣಿತವಾಗಿವೆ. ಕಾಕುಸ್ಥವರ್ಮನು ಕಟ್ಟಿಸಿದ ಕೆರೆಯ ವಿಷಯವೂ ಇದರಲ್ಲಿದೆ. ಇದನ್ನು ರಚಿಸಿ ಕಲ್ಲಿನ ಮೇಲೆ ಬರೆದವನು ಕುಬ್ಜ ಎಂಬ ಕವಿ. ಅವನು ತನ್ನ ಹೆಸರನ್ನು ಶಾಸನದಲ್ಲಿಯೇ ನಮೂದಿಸಿದ್ದರಿಂದ ಕೃತಿಯ ಕರ್ತೃತ್ವ ಹದಿನೈದು ಶತಮಾನಗಳ ಬಳಿಕವೂ ಅಳಿಯದೆ ಉಳಿದಿದೆ.

ಇಂತಹ ಮಹತ್ವದ ಶಾಸನವನ್ನು ತಮ್ಮ ಸಂಪುಟ ಅಚ್ಚಾಗುವವರೆಗೆ ರೈಸ್ ಮರೆಮಾಡಲಿಲ್ಲ. ಅದರ ಛಾಯಾಚಿತ್ರವನ್ನು ಪ್ರಸಿದ್ಧ ವಿದ್ವಾಂಸ ಜಾರ್ಜ್ ಬ್ಯೂಲರ್ ಅವರಿಗೆ ಒದಗಿಸಿದರು. ಬ್ಯೂಲರ್ 1895ರಲ್ಲಿ ಶಾಸನದ ವಿಷಯವನ್ನು ವಿದ್ವತ್ ಲೋಕಕ್ಕೆ ತಿಳಿಸಿದರು. ಬಳಿಕ ಫ್ಲೀಟ್ ಅವರೂ ಅದರ ಬಗ್ಗೆ ಟಿಪ್ಪಣಿಗಳನ್ನು ಬರೆದರು. ರೈಸ್ ಅವರ ಸಂಪಾದಿತ ಪಾಠ ಏಳನೆಯ ಸಂಪುಟದಲ್ಲಿ ಅಚ್ಚಾದುದು 1902ರಲ್ಲಿ. ಕೆಲವೇ ವರ್ಷಗಳಲ್ಲಿ ಎಫ್. ಕೀಲ್‌ಹಾರ್ನ್ ಅವರು ಎಪಿಗ್ರಾಫಿಯಾ ಇಂಡಿಕಾದ ಎಂಟನೆಯ ಸಂಪುಟದಲ್ಲಿ ಇನ್ನಷ್ಟು ನಿಖರವಾದ, ತಿದ್ದಿದ ಪಾಠವನ್ನು ಪ್ರಕಟಿಸಿದರು. ಮುಂದೆ ಡಿ. ಸಿ. ಸರ್ಕಾರ್ ಅವರು ತಮ್ಮ ಆಯ್ದ ಶಾಸನಗಳ ಸಂಗ್ರಹದಲ್ಲಿ ಇದನ್ನು ಸೇರಿಸಿದರು.

ಮೊದಲು ಕಂಡವರು, ಮೊದಲು ತಿಳಿಸಿದವರು, ಮೊದಲು ಸಂಪಾದಿಸಿದವರು ಮತ್ತು ಪಾಠವನ್ನು ತಿದ್ದಿದವರು ಯಾರೆಂಬುದು ಈ ಸರಣಿಯಲ್ಲಿ ಸ್ಪಷ್ಟವಾಗಿ ದಾಖಲಾಗಿದೆ. ಒಬ್ಬರ ಶ್ರಮವನ್ನು ಇನ್ನೊಬ್ಬರು ತಮ್ಮದೆಂದು ಹೇಳಿಕೊಳ್ಳುವುದಕ್ಕೆ ಇಂತಹ ದಾಖಲೆಯೇ ತಡೆಯಾಗುತ್ತದೆ.

ಕೂಟಶಾಸನಗಳ ಪ್ರಶ್ನೆ

ನಿಜವಾದ ರಾಜಾಜ್ಞೆಯಂತೆ ತೋರುವ, ಆದರೆ ನಂತರದ ಕಾಲದಲ್ಲಿ ಸೃಷ್ಟಿಸಿದ ದಾನಪತ್ರಗಳನ್ನು ಕೂಟಶಾಸನಗಳೆನ್ನುತ್ತಾರೆ. ಭೂಮಿಯ ಹಕ್ಕನ್ನು ಸಾಧಿಸುವುದು ಅಥವಾ ಅಗ್ರಹಾರಕ್ಕೆ ಪ್ರಾಚೀನತೆಯ ಗೌರವವನ್ನು ತರುವುದು ಇವುಗಳ ಉದ್ದೇಶವಾಗಿರುತ್ತಿತ್ತು. ಸೊರಬ ತಾಲ್ಲೂಕಿನ ಕುಪ್ಪಗಡ್ಡೆ, ಶಿಕಾರಿಪುರ ತಾಲ್ಲೂಕಿನ ಬೇಗೂರು, ತೀರ್ಥಹಳ್ಳಿ ತಾಲ್ಲೂಕಿನ ಭೀಮನಕಟ್ಟೆ ಹಾಗೂ ಗೌಜ ಅಗ್ರಹಾರಗಳ ತಾಮ್ರಪಟಗಳು ಈ ವಿಷಯದಲ್ಲಿ ಹೆಸರಾಗಿವೆ. ಮಹಾಭಾರತದ ಜನಮೇಜಯ ಚಕ್ರವರ್ತಿಯು ಸರ್ಪಯಾಗದ ಸಂದರ್ಭದಲ್ಲಿ ಭೂದಾನ ಮಾಡಿದನೆಂದು ಅವು ಸಾರುತ್ತವೆ. ಗೌಜ ಅಗ್ರಹಾರದ ಶಾಸನದಲ್ಲಿ ಹೇಳಿದ ಸೂರ್ಯಗ್ರಹಣವನ್ನು ಇಂಗ್ಲೆಂಡಿನ ಖಗೋಳ ವಿಜ್ಞಾನಿ ಸರ್ ಜಾರ್ಜ್ ಏರಿ ಗಣಿತದಿಂದ ಪರಿಶೀಲಿಸಿ, ಅದು 1521ರ ಏಪ್ರಿಲ್ 7ರದೆಂದು ನಿರ್ಣಯಿಸಿದರು. ರೈಸ್ ಇಂತಹ ಶಾಸನಗಳನ್ನೂ ಬಿಡದೆ ಪ್ರಕಟಿಸಿದ್ದರಿಂದ ಇತರರು ಅವುಗಳನ್ನು ಪರೀಕ್ಷಿಸಲು ಸಾಧ್ಯವಾಯಿತು.

ಗಂಗ ವಂಶದ ತಾಮ್ರಪಟಗಳ ವಿಷಯದಲ್ಲಿ ರೈಸ್ ಮತ್ತು ಫ್ಲೀಟ್ ಅವರ ನಡುವೆ ದೀರ್ಘಕಾಲ ವಾದ ನಡೆಯಿತು. ಇವುಗಳ ಆಧಾರದ ಮೇಲೆ ರೈಸ್ ಗಂಗರ ಆರಂಭದ ವಂಶಾವಳಿಯನ್ನು ರಚಿಸಿದರು. ಅಕ್ಷರಗಳ ಆಕಾರ, ಭಾಷೆ ಹಾಗೂ ಕಾಲನಿರ್ದೇಶಗಳನ್ನು ಪರಿಶೀಲಿಸಿದ ಫ್ಲೀಟ್, ಅವು ಕೂಟಶಾಸನಗಳೆಂದು ವಾದಿಸಿದರು. ಅವುಗಳಲ್ಲಿ ಕೆಲವು ನಂಬಲರ್ಹವಲ್ಲವೆಂಬುದನ್ನು ನಂತರದ ವಿದ್ವಾಂಸರೂ ಒಪ್ಪಿದ್ದಾರೆ. ಆದರೆ ಎಲ್ಲವನ್ನೂ ತಳ್ಳಿಹಾಕುವ ನಿಲುವೂ ಉಳಿಯಲಿಲ್ಲ. ಪೆನುಕೊಂಡದ ತಾಮ್ರಪಟ ದೊರೆತಾಗ ಅದು ನೈಜವೆಂದು ಫ್ಲೀಟ್ ಅವರೇ ಒಪ್ಪಿಕೊಂಡರು. ಆಧಾರ ಬದಲಾದಾಗ ಅಭಿಪ್ರಾಯವನ್ನೂ ಬದಲಿಸಿಕೊಳ್ಳುವ ಈ ನಡೆ ವಿದ್ವತ್ ಪ್ರಾಮಾಣಿಕತೆಯ ಲಕ್ಷಣವಾಗಿದೆ.

ಸಹಾಯಕರು ಮತ್ತು ತಿದ್ದುಪಡಿ

ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಒತ್ತಿ ಪಡಿಯಚ್ಚು ತೆಗೆಯುವುದು, ಸವೆದ ಅಕ್ಷರಗಳನ್ನು ಓದುವುದು, ಪ್ರತಿ ಮಾಡುವುದು ಒಬ್ಬರಿಂದ ಆಗುವ ಕೆಲಸಗಳಲ್ಲ. ಇಲಾಖೆಯ ಪಂಡಿತರು ಮತ್ತು ಸಿಬ್ಬಂದಿಯ ಶ್ರಮ ಈ ಸಂಪುಟಗಳ ಹಿಂದಿದೆ. ಆದರೂ ಆ ಕಾಲದ ರೂಢಿಯಂತೆ ಮುಖಪುಟದಲ್ಲಿರುವುದು ನಿರ್ದೇಶಕರ ಹೆಸರು. ಪ್ರತಿಯೊಬ್ಬರ ಕೊಡುಗೆಯನ್ನೂ ಪ್ರತ್ಯೇಕವಾಗಿ ನಮೂದಿಸಬೇಕೆಂಬ ಇಂದಿನ ಮಾನದಂಡದಿಂದ ನೋಡಿದರೆ ಇದು ಈ ಮಾಲೆಯ ಕೊರತೆಯೆನ್ನಬಹುದು.

ರೈಸ್ ಅವರ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರು 1906ರಲ್ಲಿ ಇಲಾಖೆಯ ನಿರ್ದೇಶಕರಾದರು. ರೈಸ್ 1889ರಲ್ಲಿ ಪ್ರಕಟಿಸಿದ್ದ ಶ್ರವಣಬೆಳಗೊಳದ ಸಂಪುಟದಲ್ಲಿ 144 ಶಾಸನಗಳಿದ್ದವು. ನರಸಿಂಹಾಚಾರ್ಯರು 1923ರಲ್ಲಿ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಅವುಗಳ ಸಂಖ್ಯೆ 500ಕ್ಕೆ ಏರಿತು. ಹಿರಿಯರ ಕೃತಿಯನ್ನು ಕಿರಿಯರು ತಿದ್ದಿ ಬೆಳೆಸುವ ಈ ಕ್ರಮದಿಂದ ಮೂಲ ಗ್ರಂಥದ ಉಪಯುಕ್ತತೆ ಹೆಚ್ಚಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಇಡೀ ಮಾಲೆಯನ್ನು ಪರಿಷ್ಕರಿಸಿ ಪ್ರಕಟಿಸುವ ಕಾರ್ಯವನ್ನು ಕೈಗೊಂಡಿತು.

ಇಂದಿನ ನಿಯಮಗಳೊಡನೆ ಸಂಬಂಧ

ರೈಸ್ ಅವರ ಕಾಲದಲ್ಲಿ ಸಂಶೋಧನ ಪ್ರಕಟಣೆಯ ನೀತಿಯನ್ನು ಲಿಖಿತ ನಿಯಮಗಳಿಗಿಂತ ವಿದ್ವಾಂಸರ ರೂಢಿಯೇ ಕಾಯುತ್ತಿತ್ತು. ಬ್ರಿಟನ್ನಿನಲ್ಲಿ 1997ರಲ್ಲಿ ಆರಂಭವಾದ ಪ್ರಕಟಣಾ ನೀತಿ ಸಮಿತಿಯು ಕರ್ತೃತ್ವ, ಕೃತಿಚೌರ್ಯ, ಸುಳ್ಳು ದತ್ತಾಂಶ, ತಿದ್ದುಪಡಿ ಹಾಗೂ ಲೇಖನವನ್ನು ಹಿಂಪಡೆಯುವ ಬಗ್ಗೆ ಸಂಪಾದಕರಿಗೆ ಮಾರ್ಗಸೂಚಿಗಳನ್ನು ನೀಡುತ್ತದೆ. ಭಾರತದಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2018ರಲ್ಲಿ ಕೃತಿಚೌರ್ಯ ತಡೆ ನಿಯಮಾವಳಿಯನ್ನು ಹೊರಡಿಸಿತು. ಅದರಂತೆ ಪ್ರಬಂಧದಲ್ಲಿ ಶೇಕಡಾ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಹೋಲಿಕೆ ಶೇಕಡಾ 60ನ್ನು ಮೀರಿದರೆ ಸಂಶೋಧನ ವಿದ್ಯಾರ್ಥಿಯ ನೋಂದಣಿ ರದ್ದಾಗುತ್ತದೆ.

ಇಂತಹ ಸಂಖ್ಯೆಗಳಿಂದ ನಕಲನ್ನು ಗುರುತಿಸಬಹುದು. ಆಧಾರವನ್ನು ತೋರಿಸುವುದು, ಮೊದಲು ಕಂಡವರನ್ನು ಹೆಸರಿಸುವುದು, ಆಕ್ಷೇಪಕ್ಕೆ ಉತ್ತರಿಸುವುದು, ತಪ್ಪನ್ನು ತಿದ್ದುವುದು ಬರೆಯುವವರ ಮತ್ತು ಸಂಪಾದಕರ ಹೊಣೆಯಾಗಿಯೇ ಉಳಿಯುತ್ತವೆ.

ಇತರ ಕೃತಿಗಳು ಮತ್ತು ಕೊನೆಯ ದಿನಗಳು

ರೈಸ್ ಅವರು ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಭಟ್ಟಾಕಳಂಕನ ಶಬ್ದಾನುಶಾಸನ, ಪಂಪ ಭಾರತ, ಪಂಪ ರಾಮಾಯಣ ಮೊದಲಾದ ಪ್ರಾಚೀನ ಕೃತಿಗಳನ್ನು ಬೆಳಕಿಗೆ ತಂದರು. ನಿವೃತ್ತಿಯ ಬಳಿಕ ಇಂಗ್ಲೆಂಡಿನಲ್ಲಿ ನೆಲೆಸಿದರು. ಶಾಸನಗಳಿಂದ ತಿಳಿದುಬರುವ ಮೈಸೂರು ಮತ್ತು ಕೊಡಗಿನ ಇತಿಹಾಸವನ್ನು ಕುರಿತ ಅವರ ಗ್ರಂಥ 1909ರಲ್ಲಿ ಪ್ರಕಟವಾಯಿತು. 1927ರ ಜುಲೈ 10ರಂದು ಹ್ಯಾರೋದಲ್ಲಿ ನಿಧನರಾದರು. ಶಿಕಾರಿಪುರ ಮತ್ತು ಸೊರಬದ ಶಾಸನಗಳಿಗೆ ಅವರು ನೀಡಿದ ಕ್ರಮಸಂಖ್ಯೆಗಳನ್ನು ಕರ್ನಾಟಕದ ಇತಿಹಾಸವನ್ನು ಕುರಿತ ಲೇಖನಗಳ ಅಡಿಟಿಪ್ಪಣಿಗಳಲ್ಲಿ ಇಂದಿಗೂ ಕಾಣಬಹುದು.