ಬಾಗಿಲು ತೆರೆದಿಟ್ಟ ಹ್ಲಿಂಕಾ

2024ರ ಮೇ 27, ಸೋಮವಾರ. ಪುಣೆಯ ನಮ್ಮ ಆಫೀಸಿನ ಮಧ್ಯಾಹ್ನದ ಕಾಲ್‌ಗೆ ಜೆಕ್ ದೇಶದ ಬ್ರನೋ ನಗರದಿಂದ ಸೇರಬೇಕಿದ್ದ ಸಹೋದ್ಯೋಗಿ ಕಾಲು ಗಂಟೆ ತಡವಾಗಿ ಬಂದ. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಹಿಂದಿನ ರಾತ್ರಿ ಪ್ರಾಗ್‌ನಲ್ಲಿ ನಡೆದ ಐಸ್ ಹಾಕಿ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಅವನ ದೇಶ ಸ್ವಿಟ್ಜರ್ಲೆಂಡನ್ನು 2–0 ಅಂತರದಲ್ಲಿ ಸೋಲಿಸಿತ್ತು. 14 ವರ್ಷಗಳ ನಂತರ ಬಂದ ಚಿನ್ನ. ಕೆಲಸದ ಮಾತು ಮುಗಿದ ಮೇಲೆ ಅವನು ಹೇಳಿದ್ದು ಗೆದ್ದವರ ಬಗ್ಗೆ ಅಲ್ಲ, 20 ವರ್ಷಗಳ ಹಿಂದೆ ತೀರಿಕೊಂಡ ಇವಾನ್ ಹ್ಲಿಂಕಾ ಎಂಬವರ ಬಗ್ಗೆ. ಅಂದು ರಾತ್ರಿ ಕುತೂಹಲಕ್ಕೆ ಓದಲು ಕುಳಿತ ನಾನು ವಾರಗಟ್ಟಲೆ ಅದರಲ್ಲೇ ಮುಳುಗಿದೆ.

ಜೆಕ್ ದೇಶದ ಜನಸಂಖ್ಯೆ ಸುಮಾರು ಒಂದು ಕೋಟಿ. ನಮ್ಮ ಬೆಂಗಳೂರೊಂದನ್ನೇ ದೇಶ ಅಂದುಕೊಳ್ಳಿ. ಇಷ್ಟು ಜನರೊಳಗಿಂದ ಕೆನಡಾ, ರಷ್ಯಾ, ಅಮೆರಿಕಗಳನ್ನು ಎದುರಿಸುವ ತಂಡ ಕಟ್ಟಬೇಕು. ಒಂದು ತಲೆಮಾರು ಕೈಬಿಟ್ಟರೆ ಹತ್ತು ವರ್ಷ ಬರಗಾಲ.

ಹ್ಲಿಂಕಾ ಹುಟ್ಟಿದ್ದು 1950ರ ಜನವರಿ 26ರಂದು, ಆಗಿನ ಚೆಕೊಸ್ಲೊವಾಕಿಯಾದ ಉತ್ತರ ಭಾಗದ ಮೊಸ್ತ್ ಎಂಬ ಊರಿನಲ್ಲಿ. ನೆಲದಡಿ ಕಲ್ಲಿದ್ದಲು ಇದ್ದದ್ದಕ್ಕೆ ಸರಕಾರ ಆ ಹಳೆಯ ಊರನ್ನೇ ಕೆಡವಿತು. ಅಲ್ಲಿದ್ದ ಪುರಾತನ ಚರ್ಚನ್ನು ಮಾತ್ರ 1975ರಲ್ಲಿ ಹಳಿಗಳ ಮೇಲೆ 841 ಮೀಟರ್ ಜರುಗಿಸಿ ಉಳಿಸಿಕೊಂಡರು. ನಾನು ಬಾಗಲಕೋಟೆಯವನು. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಓಣಿಗಳನ್ನು ಬಿಟ್ಟುಕೊಟ್ಟು ನವನಗರಕ್ಕೆ ಬಂದವರ ಮನೆಯ ಹುಡುಗ. ಹಾಗಾಗಿ ಇದನ್ನು ಓದುವಾಗ ಹ್ಲಿಂಕಾ ನನಗೆ ದೂರದವರು ಅನ್ನಿಸಲಿಲ್ಲ.

ಅವರು ಬೆಳೆದದ್ದು, ಆಡಿದ್ದು ಮೊಸ್ತ್‌ನ ಪಕ್ಕದ ಲಿಟ್ವಿನೋವ್‌ನಲ್ಲಿ. ರಾಸಾಯನಿಕ ಕಾರ್ಖಾನೆಯನ್ನು ನೆಚ್ಚಿಕೊಂಡ ಸಣ್ಣ ಊರು. ಹಾಕಿ ಕ್ಲಬ್ ಕೂಡ ಕಾರ್ಖಾನೆಯ ಹೆಸರಿನದ್ದೇ. ಹದಿಹರೆಯದಲ್ಲೇ ಹಿರಿಯರ ತಂಡಕ್ಕೆ ಸೇರಿದ ಹ್ಲಿಂಕಾ, ಸೈನಿಕ ಸೇವೆಗೆಂದು ಹೋದದ್ದು ಬಿಟ್ಟರೆ, ದೇಶದೊಳಗೆ ಬೇರೆ ಕ್ಲಬ್‌ನ ಕಡೆ ಹೊರಳಲಿಲ್ಲ. ಅವರ ಕಾಲದಲ್ಲಿ ಲಿಟ್ವಿನೋವ್ ಒಮ್ಮೆಯೂ ಲೀಗ್ ಗೆಲ್ಲಲಿಲ್ಲ. ಆದರೆ ರಾಷ್ಟ್ರೀಯ ತಂಡದ ಪರ ಅವರು ಆಡಿದ್ದು 256 ಪಂದ್ಯ, ಹೊಡೆದದ್ದು 132 ಗೋಲು. 1972ರಲ್ಲಿ ಪ್ರಾಗ್‌ನಲ್ಲಿ ಸೋವಿಯತ್ ತಂಡದ ಸತತ ಒಂಬತ್ತು ವಿಶ್ವ ಪ್ರಶಸ್ತಿಗಳ ಸರಣಿ ಮುರಿದವರಲ್ಲಿ ಅವರೂ ಒಬ್ಬರು. 1976 ಮತ್ತು 1977ರಲ್ಲಿ ಮತ್ತೆ ವಿಶ್ವ ಚಾಂಪಿಯನ್.

ಇಷ್ಟೆಲ್ಲ ಸಾಧಿಸಿದರೂ ಹೊರಗೆ ಹೋಗಿ ದುಡಿಯುವ ಸ್ವಾತಂತ್ರ್ಯ ಇರಲಿಲ್ಲ. ಉತ್ತರ ಅಮೆರಿಕದ ಎನ್‌ಎಚ್‌ಎಲ್ ಎಂಬ ದೊಡ್ಡ ಲೀಗ್‌ನಲ್ಲಿ ಆಡಬೇಕೆಂದರೆ ದೇಶ ಬಿಟ್ಟು ಓಡಿಹೋಗಬೇಕಿತ್ತು. ಹಾಗೆ ಹೋದವರಿಗೆ ಮನೆಯ ಬಾಗಿಲು ಮುಚ್ಚಿದಂತೆ. 1980ರಲ್ಲಿ ಪೀಟರ್ ಮತ್ತು ಆಂಟನ್ ಶ್ಟಾಸ್ಟ್ನಿ ಸಹೋದರರು ಹಾಗೆಯೇ ಕೆನಡಾ ಸೇರಿದರು. ಮರುವರ್ಷ ಹ್ಲಿಂಕಾ ಮತ್ತು ಅವರ ಹಳೆಯ ಜೊತೆಗಾರ ಯಿರ್ಜಿ ಬುಬ್ಲಾ ಸರಕಾರದ ಅನುಮತಿ ಪಡೆದು ವ್ಯಾಂಕೂವರ್ ಕ್ಲಬ್‌ಗೆ ಹೋದರು. ಹಾಗೆ ಕಾನೂನುಬದ್ಧವಾಗಿ ಹೋದವರು ಆಗ ಬೆರಳೆಣಿಕೆಯಷ್ಟೇ. ಹ್ಲಿಂಕಾಗೆ ಆಗ 31 ವರ್ಷ. ಆಟಗಾರನ ಒಳ್ಳೆಯ ವರ್ಷಗಳು ದೇಶಕ್ಕೆ ಸಂದಿದ್ದವು. ಆದರೂ ಮೊದಲ ಋತುವಿನಲ್ಲೇ 60 ಅಂಕ ಗಳಿಸಿ, ಹೊಸಬರ ಪೈಕಿ ಕ್ಲಬ್‌ನ ದಾಖಲೆ ಬರೆದರು. ಆ ವರ್ಷ ವ್ಯಾಂಕೂವರ್ ಮೊದಲ ಬಾರಿಗೆ ಸ್ಟಾನ್ಲಿ ಕಪ್ ಫೈನಲ್ ತಲುಪಿತು. ಎರಡು ಋತು ಅಲ್ಲಿ, ಆಮೇಲೆ ಎರಡು ಋತು ಸ್ವಿಟ್ಜರ್ಲೆಂಡ್‌ನಲ್ಲಿ ಆಡಿ ಹ್ಲಿಂಕಾ ಊರಿಗೆ ಮರಳಿದರು.

ಮರಳಿ ಬಂದು ಅವರು ಮಾಡಿದ ಕೆಲಸವೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಅದೇ ಸಣ್ಣ ಊರಿನ ತಂಡಕ್ಕೆ ತರಬೇತುದಾರರಾದರು. ಅಲ್ಲಿಂದ ರಾಬರ್ಟ್ ರೈಖೆಲ್, ಯಿರ್ಜಿ ಶ್ಲೇಗ್ರ್, ಮಾರ್ಟಿನ್ ರುಚಿನ್ಸ್ಕಿ ಎಂಬ ಹುಡುಗರು ಮೇಲೆ ಬಂದರು. ಶ್ಲೇಗ್ರ್ ಬೇರಾರೂ ಅಲ್ಲ, ವ್ಯಾಂಕೂವರ್‌ಗೆ ಜೊತೆಗೆ ಹೋಗಿದ್ದ ಬುಬ್ಲಾ ಅವರ ಮಗ. ಅಷ್ಟರಲ್ಲಿ 1989 ಬಂತು, ಕಮ್ಯುನಿಸ್ಟ್ ಆಡಳಿತ ಬಿತ್ತು, ಗಡಿಗಳು ತೆರೆದವು. ಹ್ಲಿಂಕಾಗೆ 31ರಲ್ಲಿ ಸಿಕ್ಕ ದಾರಿ ಈ ಹುಡುಗರಿಗೆ 20ರ ಆಸುಪಾಸಿನಲ್ಲೇ ಸಿಕ್ಕಿತು. ಒಬ್ಬೊಬ್ಬರಾಗಿ ಹೊರಟುಹೋದರು.

ಊರಿನವರ ಲೆಕ್ಕದಲ್ಲಿ ಇದು ನಷ್ಟವೇ. ಆದರೆ 1998ರ ನಾಗಾನೋ ಒಲಿಂಪಿಕ್ಸ್ ಆ ಲೆಕ್ಕವನ್ನು ತಿರುವಿಹಾಕಿತು. ಎನ್‌ಎಚ್‌ಎಲ್ ಮೊದಲ ಬಾರಿಗೆ ತನ್ನ ಋತುವನ್ನು ನಿಲ್ಲಿಸಿ ಆಟಗಾರರನ್ನು ಕಳಿಸಿತು. ಕೆನಡಾ, ಅಮೆರಿಕ ತಂಡಗಳ ತುಂಬ ಅದೇ ಲೀಗ್‌ನ ತಾರೆಗಳು. ಜೆಕ್ ತಂಡದ ಕೋಚ್ ಹ್ಲಿಂಕಾ. ಅವರು ಯಾರೊಮೀರ್ ಯಾಗ್ರ್, ಗೋಲ್‌ಕೀಪರ್ ಡೊಮಿನಿಕ್ ಹಾಶೆಕ್ ಅವರಂಥ ಹೊರಗಿನ ದೊಡ್ಡ ಹೆಸರುಗಳ ಜೊತೆಗೆ ಯುರೋಪಿನ ಲೀಗ್‌ಗಳಲ್ಲಿ ಆಡುತ್ತಿದ್ದವರನ್ನೂ ಸೇರಿಸಿದರು. ನಾಯಕತ್ವ ಕೊಟ್ಟದ್ದು, ಎನ್‌ಎಚ್‌ಎಲ್ ಮುಗಿಸಿ ಮನೆಗೆ ಮರಳಿದ್ದ 34ರ ವ್ಲಾದಿಮೀರ್ ರುಜಿಚ್ಕಾಗೆ. ಆತನೂ ಮೊಸ್ತ್‌ನಲ್ಲೇ ಹುಟ್ಟಿದವನು.

ಇನ್ನೊಬ್ಬ ಪೇತ್ರ್ ಸ್ವೊಬೊಡಾ. ಆತನದೂ ಮೊಸ್ತ್, ಆತನೂ ಲಿಟ್ವಿನೋವ್ ಹುಡುಗ. 1984ರಲ್ಲಿ, 18ನೇ ವಯಸ್ಸಿನಲ್ಲಿ, ಕಿರಿಯರ ತಂಡದ ಜೊತೆ ಪಶ್ಚಿಮ ಜರ್ಮನಿಗೆ ಹೋದವನು ವಾಪಸ್ ಬರಲೇ ಇಲ್ಲ. ಕೆನಡಾದ ಮಾಂಟ್ರಿಯಲ್ ಸೇರಿಬಿಟ್ಟ. ಒಂದೇ ಊರಿನ ಇಬ್ಬರಲ್ಲಿ ಒಬ್ಬರು ಅನುಮತಿಗಾಗಿ 31ರವರೆಗೆ ಕಾದರು, ಇನ್ನೊಬ್ಬ ಕಾಯದೆ ಓಡಿಹೋದ. ಕಾದವರು ಓಡಿಹೋದವನನ್ನು 14 ವರ್ಷಗಳ ನಂತರ ತಂಡಕ್ಕೆ ಕರೆದರು.

ಕ್ವಾರ್ಟರ್ ಫೈನಲ್‌ನಲ್ಲಿ ಅಮೆರಿಕ 4–1ರಿಂದ ಸೋತಿತು. ಸೆಮಿಫೈನಲ್‌ನಲ್ಲಿ ಕೆನಡಾ ವಿರುದ್ಧ ಮೊದಲ ಗೋಲು ಹೊಡೆದದ್ದು ಶ್ಲೇಗ್ರ್. ಕೊನೆಯ ನಿಮಿಷಗಳಲ್ಲಿ ಕೆನಡಾ ಸಮ ಮಾಡಿತು. ಪೆನಾಲ್ಟಿ ಶೂಟೌಟ್‌ನಲ್ಲಿ ಹಾಶೆಕ್ ಐದಕ್ಕೆ ಐದೂ ತಡೆದ. ಎರಡೂ ಕಡೆ ಸೇರಿ ಬಿದ್ದ ಒಂದೇ ಗೋಲು ರೈಖೆಲ್‌ನದು. ಫೆಬ್ರುವರಿ 22ರ ಫೈನಲ್‌ನಲ್ಲಿ ಎದುರಾಳಿ ರಷ್ಯಾ. ಪಂದ್ಯದ ಒಂದೇ ಗೋಲು ಸ್ವೊಬೊಡಾನ ಕೋಲಿನಿಂದ ಬಂತು. ಓಡಿಹೋಗಿದ್ದ ಹುಡುಗನೇ ದೇಶಕ್ಕೆ ಚಿನ್ನ ತಂದುಕೊಟ್ಟ.

ಮರುವರ್ಷ ಹ್ಲಿಂಕಾ ವಿಶ್ವ ಪ್ರಶಸ್ತಿಯನ್ನೂ ಗೆಲ್ಲಿಸಿದರು. 2000 ಮತ್ತು 2001ರಲ್ಲಿ ಅವರ ಸಹಾಯಕರಾಗಿದ್ದ ಯೋಸೆಫ್ ಔಗುಸ್ತಾ ಅದನ್ನು ಮುಂದುವರಿಸಿದರು. 2000ದಲ್ಲಿ ಹ್ಲಿಂಕಾ ಎನ್‌ಎಚ್‌ಎಲ್‌ನ ಪಿಟ್ಸ್‌ಬರ್ಗ್ ತಂಡಕ್ಕೆ ಮುಖ್ಯ ಕೋಚ್ ಆದರು. ಯುರೋಪಿನವರಿಗೆ ಆ ಕುರ್ಚಿ ಆಗಷ್ಟೇ ಸಿಗತೊಡಗಿತ್ತು. ಮೊದಲ ವರ್ಷ ತಂಡ ಸೆಮಿಫೈನಲ್ ಹಂತದವರೆಗೆ ಹೋಯಿತು. ಎರಡನೇ ವರ್ಷದ ಮೊದಲ ನಾಲ್ಕು ಪಂದ್ಯ ಸೋತಾಗ ಮನೆಗೆ ಕಳಿಸಿದರು. ಅವರ ಇಂಗ್ಲಿಷ್ ಸಾಲದು ಎಂಬ ದೂರು ಉದ್ದಕ್ಕೂ ಇತ್ತು. ಹಿಂದಿ, ಮರಾಠಿ ಬಾರದೆ ಮೀಟಿಂಗುಗಳಲ್ಲಿ ತೊದಲಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2004ರಲ್ಲಿ ವಿಶ್ವಕಪ್‌ಗಾಗಿ ರಾಷ್ಟ್ರೀಯ ತಂಡದ ಹೊಣೆ ಮತ್ತೆ ಅವರ ಹೆಗಲಿಗೆ ಬಂತು. ಟೂರ್ನಿಗೆ ಎರಡು ವಾರ ಇರುವಾಗ, ಆಗಸ್ಟ್ 16ರಂದು, ಕಾರ್ಲೊವಿ ವಾರಿ ಹತ್ತಿರದ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ವಯಸ್ಸು 54. ಅವರ ಜಾಗಕ್ಕೆ ಬಂದದ್ದು ನಾಗಾನೋದ ನಾಯಕ ರುಜಿಚ್ಕಾ. ಲಿಟ್ವಿನೋವ್ ಕ್ರೀಡಾಂಗಣಕ್ಕೆ ಇಂದು ಹ್ಲಿಂಕಾ ಹೆಸರಿದೆ. 18ರೊಳಗಿನ ಹುಡುಗರ ಅಂತರರಾಷ್ಟ್ರೀಯ ಟೂರ್ನಿಗೂ ಅವರದೇ ಹೆಸರು. 2018ರಿಂದ ಕೆನಡಾದ ದಂತಕತೆ ವೇಯ್ನ್ ಗ್ರೆಟ್ಸ್ಕಿಯ ಹೆಸರೂ ಜೊತೆಗೂಡಿದೆ.

ನಾಗಾನೋ ತಲೆಮಾರು ಸರಿದ ಮೇಲೆ ಕೊರತೆ ಕಾಣಿಸಿತು. 2012ರ ಕಂಚಿನ ನಂತರ ಹತ್ತು ವರ್ಷ ಒಂದು ಪದಕವೂ ಇಲ್ಲ. ಹುಡುಗರು 16, 17ಕ್ಕೇ ಹೊರದೇಶದ ಕಿರಿಯರ ಲೀಗ್‌ಗಳಿಗೆ ಹೋಗುತ್ತಿದ್ದಾರೆ ಎಂಬ ದೂರು ಎದ್ದಿತು. ಆದರೆ 2024ರ ಫೈನಲ್‌ನಲ್ಲಿ ಗೆಲುವಿನ ಗೋಲು ಹೊಡೆದ ಡೇವಿಡ್ ಪಾಸ್ತರ್ನ್ಯಾಕ್ ಕೂಡ 16ಕ್ಕೇ ಸ್ವೀಡನ್‌ಗೆ ಹೋದವನು. ಬಾಸ್ಟನ್‌ನಲ್ಲಿ ತನ್ನ ಕ್ಲಬ್ ಸೋತ ಕೂಡಲೇ ವಿಮಾನ ಹತ್ತಿ ಬಂದು ತಂಡ ಸೇರಿದ್ದ.

ಪ್ರತಿ ದಸರೆಗೆ ಊರಿಗೆ ಹೋದಾಗ ಅವ್ವ ಒಂದೇ ಪ್ರಶ್ನೆ ಕೇಳುತ್ತಾಳೆ, ಯಾವಾಗ ವಾಪಸ್ ಬರ್ತಿ ಅಂತ. ನನ್ನ ಬಳಿ ಇನ್ನೂ ಉತ್ತರವಿಲ್ಲ. ಹ್ಲಿಂಕಾ ಮರಳಿದರು, ಸ್ವೊಬೊಡಾ ಎರಡು ವಾರಕ್ಕಷ್ಟೇ ಬಂದ. ಆ ಚಿನ್ನಕ್ಕೆ ಇಬ್ಬರೂ ಬೇಕಾಗಿದ್ದರು. ನನ್ನ ಹೈಸ್ಕೂಲಿನ ಗಣಿತದ ಮೇಷ್ಟ್ರು ಎರಡು ವರ್ಷದಿಂದ ಕೇಳುತ್ತಿದ್ದರು, ಊರಿನ ಪಿಯು ಹುಡುಗರಿಗೆ ಭಾನುವಾರ ಒಂದು ಗಂಟೆ ವಿಡಿಯೋ ಕಾಲ್‌ನಲ್ಲಿ ಪಾಠ ಹೇಳು ಎಂದು. ಕೆಲಸದ ನೆಪ ಹೇಳಿ ಮುಂದೂಡುತ್ತಲೇ ಇದ್ದೆ. ಕಳೆದ ತಿಂಗಳು ಶುರು ಮಾಡಿದೆ. ಹನ್ನೊಂದು ಹುಡುಗರು ಬರುತ್ತಾರೆ. ಇವರಲ್ಲಿ ಎಷ್ಟು ಜನ ಊರಲ್ಲಿ ಉಳಿಯುತ್ತಾರೋ, ಎಷ್ಟು ಜನ ನನ್ನ ಹಾಗೆ ರೈಲು ಹತ್ತುತ್ತಾರೋ ಗೊತ್ತಿಲ್ಲ. ಈ ಭಾನುವಾರದ ಪಾಠಕ್ಕೆ ಲೆಕ್ಕಗಳನ್ನು ಮಾತ್ರ ಇವತ್ತೇ ತಯಾರು ಮಾಡಿಟ್ಟಿದ್ದೇನೆ.