ದೀನಬಂಧು ಕುದ್ಮುಲ್ ರಂಗರಾಯರು

ನಮ್ಮ ಕೊಡಿಗೇನಹಳ್ಳಿಯ ಬಯಲುಸೀಮೆಗೂ ಕಡಲತೀರದ ಮಂಗಳೂರಿಗೂ ನಡುವೆ ಘಟ್ಟವೇ ಅಡ್ಡವಾಗಿ ನಿಂತಿದೆ. ಆದರೂ ಊರ ಹೊರಗಿನ ಹಟ್ಟಿ, ಮುಟ್ಟಬಾರದ ಬಾವಿ, ಏರಬಾರದ ಜಗಲಿ ಇವು ಘಟ್ಟದ ಎರಡು ಕಡೆಗಳಲ್ಲಿಯೂ ಒಂದೇ ತೆರನಾಗಿದ್ದುವು. ಆದುದರಿಂದಲೇ ಈ ಶತಮಾನೋತ್ಸವದ ಸಂಚಿಕೆಯಲ್ಲಿ, ಕ್ರೈಸ್ತರಲ್ಲದಿದ್ದರೂ ನೆರೆಯವನನ್ನು ತನ್ನಂತೆಯೇ ಕಂಡ ಒಬ್ಬ ಮಹನೀಯರ ಚರಿತ್ರೆಯನ್ನು ಬರೆಯಲು ನಾವು ಸಂಕೋಚಪಡುವುದಿಲ್ಲ.

ರಂಗರಾಯರು 1859ರ ಜೂನ್ 29ರಂದು, ಇಂದು ಕೇರಳಕ್ಕೆ ಸೇರಿರುವ ಕಾಸರಗೋಡು ಸೀಮೆಯ ಕುದ್ಮುಲ್ ಎಂಬಲ್ಲಿ ಬಡ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಎಳೆಯ ಪ್ರಾಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಹೊಟ್ಟೆಪಾಡಿಗಾಗಿ ಮಂಗಳೂರಿಗೆ ಬಂದರು. ಅಲ್ಪ ಸಂಬಳದ ಉಪಾಧ್ಯಾಯರಾಗಿದ್ದುಕೊಂಡೇ ಮೆಟ್ರಿಕ್ಯುಲೇಷನ್ ಮುಗಿಸಿ, ವಕೀಲಿ ಪರೀಕ್ಷೆಯಲ್ಲಿಯೂ ತೇರ್ಗಡೆಯಾದರು. ಉಳ್ಳಾಲ ರಘುನಾಥಯ್ಯನವರ ಸಹವಾಸದಿಂದ ಬ್ರಾಹ್ಮಸಮಾಜದ ವಿಚಾರಗಳು ಅವರ ಮನಸ್ಸನ್ನು ಹೊಕ್ಕುವು. ನ್ಯಾಯಾಲಯದಲ್ಲಿ ಹಣ ಗಳಿಸುವ ದಾರಿ ತೆರೆದಿತ್ತು. ಅವರು ನಡೆದುದು ಬೇರೊಂದು ದಾರಿಯಲ್ಲಿ.

1892ರಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಚಿಲಿಂಬಿಯಲ್ಲಿ ಅವರು ಶಾಲೆಯೊಂದನ್ನು ತೆರೆದರು. ಊರು ಸುಮ್ಮನಿರಲಿಲ್ಲ. ಶಾಲೆಯನ್ನು ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಿಸಬೇಕಾಯಿತು. ಸ್ವಜನರು ರಾಯರನ್ನು ಜಾತಿಯಿಂದ ಹೊರಗಿಟ್ಟರು. ಹೊರಗಿಡಲ್ಪಟ್ಟವರಿಗಾಗಿ ದುಡಿಯಹೊರಟವರು ತಾವೂ ಹೊರಗಿನವರೇ ಆದರು. ಅವರ ಪತ್ನಿ ರುಕ್ಮಿಣಿಯಮ್ಮನವರು ಈ ಬಹಿಷ್ಕಾರದ ಭಾರವನ್ನು ಮನೆಯೊಳಗೆ ಹೊತ್ತರು. ಇಂಥ ಚರಿತ್ರೆಗಳಲ್ಲಿ ಹೆಂಗಸರ ಪಾಲು ಸಾಮಾನ್ಯವಾಗಿ ಒಂದು ಸಾಲಿನಲ್ಲಿಯೇ ಮುಗಿದುಹೋಗುತ್ತದೆಂಬುದು ನಮಗೆ ಖೇದಕರವಾಗಿ ತೋರುತ್ತದೆ.

1897ರಲ್ಲಿ ಅವರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ದಿನಗೂಲಿಯಿಂದ ಬದುಕುವವನಿಗೆ ಮಗನನ್ನು ಶಾಲೆಗೆ ಕಳುಹಿಸುವುದೆಂದರೆ ಒಂದು ಕೂಲಿಯನ್ನು ಕಳೆದುಕೊಂಡಂತೆ. ಇದನ್ನರಿತ ರಾಯರು ಶಾಲೆಗೆ ಬರುವ ಮಕ್ಕಳಿಗೆ ಕಾಸನ್ನೂ ಮಧ್ಯಾಹ್ನದ ಊಟವನ್ನೂ ಕೊಟ್ಟರು. ಅಕ್ಷರದ ಜೊತೆಗೆ ನೇಯ್ಗೆ, ಮರಗೆಲಸಗಳನ್ನು ಕಲಿಸಿದರು. ನಿಲ್ಲಲು ನೆಲವಿಲ್ಲದವರಿಗೆ ಭೂಮಿ ದೊರಕಿಸಿ ನೆಲೆಗೊಳಿಸಿದರು. ಅವರ ಶ್ರಮದಿಂದಲೇ ಅಂಗಾರ ಮಾಸ್ತರ್ ಮತ್ತು ಗೋವಿಂದ ಮಾಸ್ತರ್ ಎಂಬವರು ನಗರಸಭೆ ಹಾಗೂ ಜಿಲ್ಲಾ ಬೋರ್ಡುಗಳಲ್ಲಿ ಆಸನ ಪಡೆದರು. ನಮ್ಮ ದೃಷ್ಟಿಯಲ್ಲಿ ಇದು ಹತ್ತು ಕಟ್ಟಡಗಳಿಗಿಂತ ದೊಡ್ಡದು. ಕೈಹಿಡಿದು ಎತ್ತಲ್ಪಟ್ಟವನು ತಾನೇ ಮಾತನಾಡುವ ಸ್ಥಾನಕ್ಕೆ ಬಂದನು.

ಒಬ್ಬ ವ್ಯಕ್ತಿಯ ಕರುಣೆಯಿಂದ ನಡೆದ ಕಾರ್ಯವು ಆ ವ್ಯಕ್ತಿಯೊಡನೆಯೇ ಮಣ್ಣುಗೂಡುವುದನ್ನು ನಾವು ಅನೇಕ ಕಡೆ ಕಂಡಿದ್ದೇವೆ. ರಾಯರು ಇದಕ್ಕೆ ಎಡೆಗೊಡಲಿಲ್ಲ. ದೇಹ ಕುಗ್ಗಿದಾಗ ಮಿಷನ್ನನ್ನು ಭಾರತ ಸೇವಕ ಸಮಾಜದ ವಶಕ್ಕೆ ಒಪ್ಪಿಸಿದರು. ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಈ ಸಮಾಜದಲ್ಲಿ ಸದಸ್ಯರು ಐದು ವರ್ಷಗಳ ಶಿಕ್ಷಣ ಪಡೆದು, ಅಲ್ಪ ಜೀವನವೇತನದಲ್ಲಿ ಆಜೀವ ಸೇವೆಯ ವ್ರತ ತೊಡುತ್ತಿದ್ದರು. ಸೇವೆಗೆ ಒಳ್ಳೆಯ ಮನಸ್ಸೊಂದೇ ಸಾಲದು, ತರಬೇತಿಯೂ ಬೇಕೆಂಬ ಅರಿವು ಅಲ್ಲಿತ್ತು. ಅದೇ ಮಂಗಳೂರಿನಲ್ಲಿ 1960ರಲ್ಲಿ, ಮರಿಯಮ್ಮನವರ ಹೃದಯದ ಪುತ್ರಿಯರು ಎಂಬ ಕಥೋಲಿಕ ಸಭೆಯವರು ರೋಶನಿ ನಿಲಯವೆಂಬ ಸಮಾಜಕಾರ್ಯ ಶಾಲೆಯನ್ನು ಆರಂಭಿಸಿದರು. ಸಮಾಜಸೇವೆಯು ಅಲ್ಲಿ ಪದವಿಗೆ ಅರ್ಹವಾದ ವಿದ್ಯೆಯಾಯಿತು.

ರಾಯರ ಪುತ್ರಿ ರಾಧಾಬಾಯಿಯವರು ಜಾತಿಯ ಎಲ್ಲೆ ಮೀರಿ, ಮುಂದೆ ಮದರಾಸಿನ ಮುಖ್ಯಮಂತ್ರಿಯಾದ ಡಾ. ಪಿ. ಸುಬ್ಬರಾಯನ್ ಅವರನ್ನು ವರಿಸಿದರು. 1930ರ ದುಂಡುಮೇಜಿನ ಪರಿಷತ್ತಿನಲ್ಲಿಯೂ ಭಾಗವಹಿಸಿದರು.

ಸರಕಾರವು ರಾಯರಿಗೆ ಬಿರುದನ್ನಿತ್ತಿತು. 1934ರಲ್ಲಿ ಗಾಂಧೀಜಿಯವರು ಮಂಗಳೂರಿಗೆ ಬಂದಾಗ ಅವರ ಸಂಸ್ಥೆಗೂ ಭೇಟಿಯಿತ್ತರು. ಮಂಗಳೂರಿನ ಪುರಭವನವು ಅವರ ಹೆಸರನ್ನು ಹೊತ್ತಿದೆ. ಬಹಿಷ್ಕರಿಸಿದ ನಗರವೇ ತನ್ನ ಸಭಾಮಂದಿರದ ಬಾಗಿಲಿಗೆ ಆ ಹೆಸರನ್ನು ಕಟ್ಟಿಕೊಂಡಿತು. ಆದರೆ ಅವರು ಸ್ವತಃ ಬಯಸಿದ ಮನ್ನಣೆ ಇವಾವುವೂ ಅಲ್ಲ. ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ದೊಡ್ಡ ಅಧಿಕಾರಿಯಾಗಿ ಕಾರಿನಲ್ಲಿ ಸಾಗುವಾಗ, ಅದರ ಧೂಳು ತಮ್ಮ ತಲೆಗೆ ಸೋಕಬೇಕೆಂಬುದು ಅವರ ಹಂಬಲವಾಗಿತ್ತು.

ಕೊನೆಗಾಲದಲ್ಲಿ ಸಂನ್ಯಾಸ ಸ್ವೀಕರಿಸಿದ್ದ ರಾಯರು 1928ರ ಜನವರಿ 30ರಂದು ದೇಹತ್ಯಾಗ ಮಾಡಿದರು. ತಮ್ಮ ಶವವನ್ನು ಪೌರಕಾರ್ಮಿಕರಾದ ತೋಟಿಗಳೇ ಹೊರಬೇಕೆಂದು ಅವರು ಮೊದಲೇ ತಿಳಿಸಿದ್ದರು. ಅವರೇ ಹೆಗಲು ಕೊಟ್ಟರು.