ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ: ಪದವಿಗಿಂತ ಆತ್ಮಸಾಕ್ಷಿ ದೊಡ್ಡದು

ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ಆಸ್ಪತ್ರೆಯ ಹೆಸರು ಕೇಳದವರು ಕರಾವಳಿಯಲ್ಲಿ ಕಡಿಮೆ. ಆದರೆ ಆ ಹೆಸರಿನ ವ್ಯಕ್ತಿ ಯಾರೆಂಬುದು ನಮ್ಮ ಅನೇಕ ಯುವಜನರಿಗೆ ಗೊತ್ತಿಲ್ಲ. ಘಟ್ಟದ ಮೇಲೆ ದಾವಣಗೆರೆ, ಹರಿಹರಗಳಲ್ಲಿ ನೆಲೆಸಿರುವ ಕರಾವಳಿ ಮೂಲದ ಕಥೋಲಿಕರಾದ ನಮಗೂ ಅವರು ಹೊರಗಿನವರಲ್ಲ.

ಕೌಡೂರು ಸದಾನಂದ ಹೆಗ್ಡೆಯವರು 1909ರ ಜೂನ್ 11ರಂದು ಕಾರ್ಕಳ ತಾಲೂಕಿನ ಕೌಡೂರಿನಲ್ಲಿ ಜನಿಸಿದರು. ಊರಿನ ಪ್ರಾಥಮಿಕ ಶಾಲೆ, ಕಾರ್ಕಳದ ಬೋರ್ಡ್ ಹೈಸ್ಕೂಲು ಮುಗಿಸಿ ಮಂಗಳೂರಿನಲ್ಲಿ ಯೇಸುಸಭೆಯ ಗುರುಗಳ ಸಂತ ಅಲೋಶಿಯಸ್ ಕಾಲೇಜಿಗೆ ಸೇರಿದರು. ಬಳಿಕ ಮದರಾಸಿನಲ್ಲಿ ಅರ್ಥಶಾಸ್ತ್ರ ಮತ್ತು ಕಾನೂನು ಓದಿ 1933ರಲ್ಲಿ ವಕೀಲರಾದರು. 1952ರಲ್ಲಿ ರಾಜ್ಯಸಭೆಯ ಸದಸ್ಯರಾದರು.

1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದರಾಸಿಗೆ ಸೇರಿತ್ತು. ಹರಿಹರ ಮೈಸೂರಿಗೆ ಸೇರಿದ್ದರೆ, ತುಂಗಭದ್ರೆಯ ಆಚೆ ದಡದ ರಾಣೇಬೆನ್ನೂರು ಮುಂಬಯಿ ಪ್ರಾಂತ್ಯದ್ದು. ಏಕೀಕರಣದಿಂದ ಇವೆಲ್ಲ ಒಂದೇ ಹೈಕೋರ್ಟಿನ ಕೆಳಗೆ ಬಂದವು. 1957ರಲ್ಲಿ ಹೆಗ್ಡೆಯವರು ಆ ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು. ಹೀಗೆ ದಾವಣಗೆರೆ, ಹರಿಹರದ ಕಕ್ಷಿದಾರರ ಮೇಲ್ಮನವಿಗಳು ಹೋಗುತ್ತಿದ್ದ ನ್ಯಾಯಪೀಠದಲ್ಲಿ ಕರಾವಳಿಯ ಮಗನೊಬ್ಬ ಕುಳಿತರು. 1966ರಲ್ಲಿ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿಯಾದ ಅವರು 1967ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಸೇರಿದರು.

1969ರ ಕ್ರೈಪಾಕ್ ಪ್ರಕರಣದಲ್ಲಿ ಅವರು ಬರೆದ ತೀರ್ಪನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಜಮ್ಮು ಕಾಶ್ಮೀರದಲ್ಲಿ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸುವ ಮಂಡಳಿಯಲ್ಲಿದ್ದ ಒಬ್ಬರು ತಾವೇ ಅಭ್ಯರ್ಥಿಯೂ ಆಗಿದ್ದರು. ತಮ್ಮ ಹೆಸರು ಬಂದಾಗ ಎದ್ದು ಹೋದರೂ ಪ್ರತಿಸ್ಪರ್ಧಿಗಳ ವಿಚಾರದಲ್ಲಿ ಕುಳಿತಿದ್ದರು. ಆ ಆಯ್ಕೆ ರದ್ದಾಯಿತು. ತನ್ನ ವಿಷಯಕ್ಕೆ ತಾನೇ ತೀರ್ಪುಗಾರನಾಗಬಾರದೆಂಬ ನಿಯಮ ಕೋರ್ಟಿಗಷ್ಟೇ ಅಲ್ಲ, ಸರಕಾರಿ ಕಚೇರಿಗೂ ಅನ್ವಯಿಸುತ್ತದೆ ಎಂಬುದು ಅದರ ಸಾರ.

1973ರ ಏಪ್ರಿಲ್ 24ರಂದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಮೊಕದ್ದಮೆಯ ತೀರ್ಪು ಬಂತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು 13 ನ್ಯಾಯಾಧೀಶರಲ್ಲಿ 7 ಮಂದಿ ಹೇಳಿದರು. ಹೆಗ್ಡೆ ಆ ಏಳರಲ್ಲಿ ಒಬ್ಬರು. ಬೆನ್ನಿಗೇ ಸರಕಾರ ಹಿರಿಯರಾದ ಶೇಲಟ್, ಹೆಗ್ಡೆ, ಗ್ರೋವರ್ ಮೂವರನ್ನೂ ಬದಿಗಿಟ್ಟು, ವಿರುದ್ಧ ಅಭಿಪ್ರಾಯ ಬರೆದಿದ್ದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿತು. ಹಿರಿತನ ಪಾಲಿಸಿದ್ದರೆ ಶೇಲಟ್ ನಿವೃತ್ತಿಯ ನಂತರ ಆ ಪೀಠ ಹೆಗ್ಡೆಯವರದಾಗುತ್ತಿತ್ತು. ಕಿರಿಯರ ಕೆಳಗೆ ಕುಳಿತು ಸೇವಾವಧಿ ಮುಗಿಸಲು ಅವರಿಗೆ ಅವಕಾಶವಿತ್ತು. ಅವರು ಏಪ್ರಿಲ್ 30ರಂದು ರಾಜೀನಾಮೆ ಕೊಟ್ಟರು. ಉಳಿದಿಬ್ಬರೂ ಹಾಗೆಯೇ ಮಾಡಿದರು.

ತುರ್ತು ಪರಿಸ್ಥಿತಿಯ ನಂತರ, 1977ರಲ್ಲಿ ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ಗೆದ್ದರು. ಕರ್ನಾಟಕದ 28 ಸ್ಥಾನಗಳಲ್ಲಿ ಆ ಪಕ್ಷಕ್ಕೆ ಸಿಕ್ಕಿದ್ದು ಎರಡೇ. ಅದೇ ಜುಲೈಯಲ್ಲಿ ಲೋಕಸಭೆಯ ಸ್ಪೀಕರ್ ಆದರು. ಮುಂದೆ ಭಾರತೀಯ ಜನತಾ ಪಕ್ಷದ ಉಪಾಧ್ಯಕ್ಷರೂ ಆದರು. ಅವರ ರಾಜಕೀಯವನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. 1979ರಲ್ಲಿ ಅವರು ಕಟ್ಟಿದ ನಿಟ್ಟೆ ವಿದ್ಯಾಸಂಸ್ಥೆ ಈಗ ಹೆಮ್ಮರವಾಗಿದೆ. 1990ರ ಮೇ 24ರಂದು ಅವರು ನಿಧನರಾದರು. ಪುತ್ರ ಸಂತೋಷ್ ಹೆಗ್ಡೆ ಸುಪ್ರೀಂ ಕೋರ್ಟ್ ನ್ಯಾಯಾಧೀಶರಾಗಿ, ನಂತರ ರಾಜ್ಯದ ಲೋಕಾಯುಕ್ತರಾಗಿ ಸೇವೆ ಸಲ್ಲಿಸಿದರು.

ದಾವಣಗೆರೆ, ಹರಿಹರದಲ್ಲಿ ನಾವು ಸಂಖ್ಯೆಯಲ್ಲಿ ಸ್ವಲ್ಪವೇ. ನಮ್ಮ ದೇವಾಲಯ, ಶಾಲೆಗಳಿಗೆ ಸಂವಿಧಾನವೇ ಆಸರೆ. ಬಹುಮತ ಬಂದವರೆಲ್ಲ ಅದರ ಮೂಲವನ್ನು ಅಲುಗಿಸುವಂತಿಲ್ಲ ಎಂಬ ಭರವಸೆಗಾಗಿ ಬೆಲೆ ತೆತ್ತವರಲ್ಲಿ ಅಲೋಶಿಯಸ್‌ನ ಈ ಹಳೆ ವಿದ್ಯಾರ್ಥಿಯೂ ಒಬ್ಬರು. ದಾವಣಗೆರೆಯ ಕಾನೂನು ಕಾಲೇಜಿಗೆ ಮಕ್ಕಳನ್ನು ಕಳುಹಿಸುವಾಗ ಈ ಕಥೆಯನ್ನೂ ಹೇಳಿ ಕಳುಹಿಸೋಣ. ಹರಿಹರದ ಆರೋಗ್ಯ ಮಾತೆಯ ಮುಂದೆ ಮೊಣಕಾಲೂರುವಾಗ, ನಮ್ಮ ನ್ಯಾಯಾಧೀಶರಿಗೆ ನಿರ್ಭೀತ ಮನಸ್ಸು ಸಿಗಲೆಂದೂ ಬೇಡಿಕೊಳ್ಳೋಣ.